ಪ್ರತಿ ಬೆಳಗ್ಗೆ 2009ರ ಜನವರಿ 1

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಕಂಪ್ಯೂಟರು ‘ಬೂಟ್’ ಆಗುತ್ತದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಅದು ‘ಏಳುತ್ತದೆ’. ‘ಸಿಸ್ಟಮ್ ಇನ್ನೂ ಎದ್ದಿಲ್ಲ, ಆಮೇಲೆ ಬನ್ನಿ’ ಎನ್ನುತ್ತಾರೆ, ರಾತ್ರಿಪಾಳಿ ಮುಗಿಸಿ ಮಲಗಿದ ಮಗನ ಬಗ್ಗೆ ಹೇಳುವ ದನಿಯಲ್ಲೇ. ಇಂಗ್ಲಿಷಿನ ಪದಕ್ಕಿಂತ ನನಗೆ ಇದೇ ಹೆಚ್ಚು ಸರಿ ಎನ್ನಿಸುತ್ತದೆ. ‘ಬೂಟ್’ ಎಂಬುದು ‘ಬೂಟ್‌ಸ್ಟ್ರ್ಯಾಪ್’ ಎಂಬುದರ ಮೊಟಕು ರೂಪ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ನೆಲದಿಂದ ಎತ್ತಿಕೊಳ್ಳುವ ಆಗದ ಕೆಲಸದ ಚಿತ್ರ ಅದರೊಳಗಿದೆ. ಏಳುವುದು ಆಗದ ಕೆಲಸವಲ್ಲ. ಆದರೆ ಎದ್ದವರು ತಾವು ಎಲ್ಲಿದ್ದೇವೆ, ಕೈಕಾಲು ಸರಿಯಾಗಿವೆಯೇ, ಇವತ್ತು ಯಾವ ವಾರ ಎಂದು ನೆನಪು ಮಾಡಿಕೊಳ್ಳಬೇಕು. ಕಂಪ್ಯೂಟರು ತಡವಾಗಿ ಏಳುತ್ತದೆ ಎಂದರೆ ಈ ನೆನಪು ಮಾಡಿಕೊಳ್ಳುವ ಕೆಲಸ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ ಎಂದೇ ಅರ್ಥ. ಎಲ್ಲಿ ಎಂದು ಹುಡುಕಲು ಹೊರಟರೆ ಚರಿತ್ರೆ ಓದಬೇಕಾಗುತ್ತದೆ.

ಮಗ್ಗಕ್ಕೂ ಏಳುವ ಹೊತ್ತು ಎಂಬುದಿದೆ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚು, ಸೆರಗುಗಳ ಚಿತ್ತಾರವನ್ನು ತೀರ್ಮಾನಿಸುವುದು ಮಗ್ಗದ ನೆತ್ತಿಯಿಂದ ಮಾಲೆಯಾಗಿ ಇಳಿಬಿದ್ದಿರುವ ರಟ್ಟಿನ ಕಾರ್ಡುಗಳು. ಒಂದು ಹೊಕ್ಕಿಗೆ ಒಂದು ಕಾರ್ಡು. ತೂತಿದ್ದ ಕಡೆ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಡಿಸೈನು ಬದಲಾದರೆ ಕಾರ್ಡಿನ ಮಾಲೆ ಬದಲಾಗಬೇಕು. ಹಾಸು ಮುಗಿದರೆ ಹೊಸ ಹಾಸು ಹೂಡಬೇಕು. ಆಗ ಹಳೆಯ ಹಾಸಿನ ಬಾಲವನ್ನು ಕಿತ್ತು ಎಸೆಯುವುದಿಲ್ಲ. ಹೊಸ ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗಳ ತುದಿಗೆ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎಂದರೆ ಇದೇ. ಸಾವಿರಾರು ಎಳೆಗಳನ್ನು ಹೀಗೆ ಕೆಚ್ಚಿದ ಮೇಲೆ ಹಳೆಯದು ಹೊಸದನ್ನು ಎಳೆದುಕೊಂಡು ಅಚ್ಚಿನೊಳಗೆ ಹಾಯುತ್ತದೆ. ಅಷ್ಟು ಹೊತ್ತೂ ಮಗ್ಗ ನಿಂತಿರುತ್ತದೆ. ಸೀರೆ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನಿಗೆ ನಿಂತ ಮಗ್ಗದ ಹೊತ್ತಿಗೆ ಕಾಸಿಲ್ಲ. ಹಾಗಾಗಿ ಈ ಊರಿನಲ್ಲಿ ಕಾಯುವುದು ಎಂದರೆ ಬರೀ ಬೇಸರದ ಮಾತಲ್ಲ.

ಜಕಾರ್ಡಿನಿಂದ ಕಂಪ್ಯೂಟರಿಗೆ ಬಂದ ದಾರಿಯನ್ನು ಪಠ್ಯಪುಸ್ತಕಗಳು ಹೇಳುತ್ತವೆ, ಬೇಗ ದಾಟಿಬಿಡೋಣ. ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಬೂಶೋನ್ 1725ರಲ್ಲಿ ತೂತು ಹಾಕಿದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸಿದ. ಫಾಲ್ಕನ್ 1728ರಲ್ಲಿ ಕಾಗದದ ಬದಲು ಪೋಣಿಸಿದ ಕಾರ್ಡುಗಳನ್ನು ತಂದ. 1804ರಲ್ಲಿ ಜೋಸೆಫ್ ಮರಿ ಜಕಾರ್ಡ್ ಇವನ್ನೆಲ್ಲ ಕೆಲಸಕ್ಕೆ ಬರುವ ಒಂದು ಯಂತ್ರವಾಗಿ ಕೂಡಿಸಿದ. ಅವನ ಕಾರ್ಡುಗಳನ್ನು ಚಾರ್ಲ್ಸ್ ಬ್ಯಾಬೇಜ್ ತಾನು ಕಟ್ಟದೇ ಉಳಿದ ಗಣಕಕ್ಕೆ ಕಡ ಪಡೆದ. ಅಮೆರಿಕದ 1890ರ ಜನಗಣತಿಗೆ ಹಾಲರಿತ್ ಕೂಡ ತೂತಿನ ಕಾರ್ಡುಗಳನ್ನೇ ಬಳಸಿದ. ನನಗೆ ಕುತೂಹಲ ಇರುವುದು ಈ ಚರಿತ್ರೆ ದೊಡ್ಡಬಳ್ಳಾಪುರದಲ್ಲಿ ಹಿಂದುಮುಂದಾಗಿ ನಡೆದಿರುವುದರಲ್ಲಿ. ಇಲ್ಲಿ ಮಗ್ಗದ ಕಾರ್ಡನ್ನು ಈಗ ಕಂಪ್ಯೂಟರು ತೂತು ಹಾಕುತ್ತದೆ. ಮೊದಲು ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ಬರೆದು, ಅದನ್ನು ನೋಡಿಕೊಂಡು ಒಬ್ಬರು ಕಾರ್ಡು ಹೊಡೆಯುತ್ತಿದ್ದರು. ಈಗ ಆ ಚೌಕಗಳು ತೆರೆಯ ಮೇಲಿವೆ. ಪಕ್ಕದ ಪಂಚಿಂಗ್ ಯಂತ್ರ ಅವನ್ನು ಓದಿ ರಟ್ಟಿಗೆ ತೂತು ಹಾಕುತ್ತದೆ. ಕಾರ್ಡೇ ಬೇಡದ ಎಲೆಕ್ಟ್ರಾನಿಕ್ ಜಕಾರ್ಡನ್ನು ಬೋನಾಸ್ ಕಂಪನಿ 1983ರಲ್ಲೇ ತೋರಿಸಿತ್ತು. ಆದರೆ ಸಣ್ಣ ಮಾಲೀಕರ ಶೆಡ್ಡುಗಳಲ್ಲಿ ರಟ್ಟಿನ ಮಾಲೆ ಇನ್ನೂ ತೂಗುತ್ತಿದೆ.

ಇಂಥ ಒಂದು ಡಿಸೈನ್ ಅಂಗಡಿಗೆ ನಾನು ಹೋದದ್ದು ಹಳೆಯ ಅಂಚುಗಳನ್ನು ನೋಡಲು. ಹಂಸ, ನವಿಲು, ಮಾವು, ರುದ್ರಾಕ್ಷಿ, ದೇವಸ್ಥಾನದ ಗೋಪುರ. ಯಾವ ವರ್ಷ ಯಾವುದು ಓಡಿತು, ಯಾವುದು ನಿಂತಿತು ಎಂದು ಗುರುತು ಹಾಕಿಕೊಳ್ಳುವ ಆಸೆಯಿತ್ತು. ಸೀರೆ ಹರಿದುಹೋಗುತ್ತದೆ, ಗ್ರಾಫ್ ಹಾಳೆ ಗೆದ್ದಲಿಗೆ ಹೋಗುತ್ತದೆ. ಊರಿನ ಚಿತ್ತಾರದ ನೆನಪು ಏನಾದರೂ ಉಳಿದಿದ್ದರೆ ಅದು ಇಂಥ ಅಂಗಡಿಗಳ ಹಾರ್ಡ್‌ಡಿಸ್ಕಿನಲ್ಲಿ. ಬೆಳಗ್ಗೆ ಏಳೂವರೆಗೆ ಹೋದೆ. ಬೆಂಚಿನ ಮೇಲೆ ಇಬ್ಬರು ಮಗ್ಗದವರು ಕಾರ್ಡಿಗೆ ಕಾಯುತ್ತಿದ್ದರು. ಸಿಸ್ಟಮ್ ಎದ್ದಿರಲಿಲ್ಲ.

‘ಬೆಳಗ್ಗೆ ಏಳಕ್ಕೇ ಎಂಟು ನಿಮಿಷ ಸಾರ್’ ಎಂದರು ಅಂಗಡಿಯ ಯಜಮಾನರು. ‘ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದ್ರೆ ಅಷ್ಟೊತ್ತು ಹಿಡಿಯಲ್ಲ. ರಿಪೇರಿಯವನು ಫಾರ್ಮ್ಯಾಟ್ ಹೊಡಿಬೇಕು ಅಂತವ್ನೆ.’

‘ಡಿಸೈನೆಲ್ಲ ಬೇರೆ ಕಡೆ ಕಾಪಿ ಇದೆಯಾ ಯಜಮಾನ್ರೇ?’

‘ಎಲ್ಲಿ ಸಾರ್? ಎಲ್ಲ ಇದರಲ್ಲೇ.’

ಎಂಟು ನಿಮಿಷ ಏನು ಮಹಾ ಎನ್ನಬಹುದು. ಆದರೆ ಕರೆಂಟು ಹೋಗಿ ಯುಪಿಎಸ್ಸೂ ಸೋತಾಗಲೆಲ್ಲ ಅದು ಮತ್ತೆ ಎಂಟು ನಿಮಿಷ. ಅದಕ್ಕಿಂತ ದೊಡ್ಡ ಸಂಗತಿ ಆ ‘ಫಾರ್ಮ್ಯಾಟ್’ ಎಂಬ ಮದ್ದು. ತಡವಾಗಿ ಏಳುವ ಯಂತ್ರಕ್ಕೆ ನಮ್ಮ ಕಡೆ ಕೊಡುವ ಒಂದೇ ಔಷಧಿ ಅದು, ರೋಗ ಯಾವುದಾದರೂ. ಕಾಪಿ ತೆಗೆದಿಡದೆ ಅದನ್ನು ಕೊಟ್ಟಿದ್ದರೆ ಹತ್ತು ಹನ್ನೆರಡು ವರ್ಷದ ಅಂಚುಗಳು ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತಿದ್ದವು. ರಿಪೇರಿ ನನ್ನ ಕಸುಬಲ್ಲ, ಯಂತ್ರಗಳ ಚರಿತ್ರೆ ಓದುವುದು ನನ್ನ ಚಾಳಿ. ಆದರೆ ಯಜಮಾನರ ಮಾತಿನಲ್ಲೇ ಸುಳಿವಿತ್ತು. ಬೆಳಗ್ಗೆ ತಡ, ಮಧ್ಯಾಹ್ನ ಅಷ್ಟಿಲ್ಲ. ವಿಂಡೋಸಿನಲ್ಲೋ ಡಿಸ್ಕಿನಲ್ಲೋ ಮಾತ್ರ ತೊಂದರೆಯಿದ್ದರೆ ಅದಕ್ಕೆ ಬೆಳಗು, ಮಧ್ಯಾಹ್ನ ಎಂಬ ಭೇದ ಇರಬಾರದು. ರಾತ್ರಿ ಯಂತ್ರಕ್ಕೆ ಏನೋ ಆಗುತ್ತಿದೆ. ಮೊದಲು ಡಿಸೈನುಗಳನ್ನೆಲ್ಲ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆವು. ಮಾರನೆಯ ಬೆಳಗ್ಗೆ ಮೊಬೈಲಿನ ಗಡಿಯಾರ ಹಿಡಿದು ತೆರೆಯ ಮುಂದೆ ಕೂತೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲ ಗಣಕಗಳು ತಾವಾಗಿ ಏಳುತ್ತಿರಲಿಲ್ಲ. 1946ರ ಎನಿಯಾಕ್‌ಗೆ ಹೊಸ ಲೆಕ್ಕ ಕೊಡಬೇಕಾದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕಿತ್ತು, ದಿನಗಳೇ ಹಿಡಿಯುತ್ತಿದ್ದವು. ಏಳುವ ವಿದ್ಯೆಯನ್ನು ಅಚ್ಚುಕಟ್ಟಾಗಿ ಕಲಿತದ್ದು ಕೇಂಬ್ರಿಜ್ಜಿನ ಎಡ್ಸಾಕ್, 1949ರ ಮೇ ತಿಂಗಳಲ್ಲಿ. ಡೇವಿಡ್ ವೀಲರ್ ಎಂಬ ವಿದ್ಯಾರ್ಥಿ ಬರೆದ 31 ಆಜ್ಞೆಗಳನ್ನು ಟೆಲಿಫೋನ್ ಎಕ್ಸ್‌ಚೇಂಜಿನ ತಿರುಗುವ ಸ್ವಿಚ್ಚುಗಳಲ್ಲಿ ತಂತಿ ಕಟ್ಟಿ ಇಟ್ಟಿದ್ದರು. ಗುಂಡಿ ಒತ್ತಿದರೆ ಆ 31 ಆಜ್ಞೆಗಳು ನೆನಪಿಗೆ ಇಳಿಯುತ್ತಿದ್ದವು. ಅವುಗಳ ಕೆಲಸ ಒಂದೇ, ಕಾಗದದ ಪಟ್ಟಿಯಿಂದ ಮುಂದಿನ ಆಜ್ಞೆಗಳನ್ನು ಓದಿಕೊಳ್ಳುವುದು. ಚಿಕ್ಕದು ದೊಡ್ಡದನ್ನು ಎಳೆದುಕೊಳ್ಳುತ್ತದೆ, ದೊಡ್ಡದು ಇನ್ನೂ ದೊಡ್ಡದನ್ನು. ಕೆಚ್ಚಿದ ಹಾಸಿನ ಹಾಗೆಯೇ, ಮೊದಲ ತುದಿ ಒಳಗೆ ಹೋದರೆ ಉಳಿದದ್ದು ಹಿಂದೆ ಬರುತ್ತದೆ. ಇಂದಿನವರೆಗೂ ಉಪಾಯ ಬದಲಾಗಿಲ್ಲ. 1975ರ ಆಲ್ಟೇರ್ 8800ನಲ್ಲಂತೂ ಈ ಮೊದಲ ತುದಿಯನ್ನು ಮನುಷ್ಯನೇ ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ತಳ್ಳಿ ಕೊಡಬೇಕಿತ್ತು.

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದಾಗ ಆ ಮೊದಲ ತುದಿ ಬಯಾಸ್ ಎಂಬ ಹೆಸರಿನಲ್ಲಿ ಒಂದು ಚಿಪ್ಪಿನೊಳಗೆ ಅಚ್ಚಾಗಿ ಕೂತಿತು. ಐಬಿಎಂ ತನ್ನ ಬಯಾಸಿನ ಪೂರ್ತಿ ಬರಹವನ್ನು ಕೈಪಿಡಿಯಲ್ಲೇ ಅಚ್ಚು ಹಾಕಿತ್ತು, ಹಕ್ಕನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತ್ತು. ಕಾಂಪ್ಯಾಕ್ ಕಂಪನಿ 1982ರಲ್ಲಿ, ಆ ಬರಹವನ್ನು ಕಣ್ಣಲ್ಲೂ ನೋಡದವರನ್ನು ಕೂರಿಸಿ, ಅದೇ ಕೆಲಸ ಮಾಡುವ ಬೇರೆ ಬಯಾಸ್ ಬರೆಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಅಂಥದ್ದನ್ನು ಬರೆದು ಯಾರು ಬೇಕಾದರೂ ಕೊಳ್ಳಬಹುದಾದ ಸರಕನ್ನಾಗಿ ಮಾಡಿತು. ಆಮೇಲೆ ಬಿಡಿಭಾಗ ತಂದು ಜೋಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದೇ 1984ರ ನವೆಂಬರಿನಲ್ಲಿ ಭಾರತ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಿಸಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಸುಂಕ ಹಂತಹಂತವಾಗಿ ಇಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬೋರ್ಡು, ಪ್ರೊಸೆಸರು, ಡಬ್ಬ ತಂದು ‘ಅಸೆಂಬಲ್ಡ್’ ಯಂತ್ರ ಕಟ್ಟುವ ಕಾಲ ಹೀಗೆ ಬಂತು. ನಮ್ಮ ಅಂಗಡಿಯ ಯಂತ್ರವೂ ಆ ರಸ್ತೆಯದೇ ಮಗು.

ಅಸೆಂಬಲ್ಡ್ ಯಂತ್ರಕ್ಕೆ ಒಂದು ಸ್ವಭಾವ ಇದೆ. ಕಂಪನಿಯವರೇ ಕಟ್ಟಿದ ಯಂತ್ರದಲ್ಲಿ ಒಳಗೆ ಏನಿದೆ ಎಂದು ಕಟ್ಟಿದವರಿಗೆ ಗೊತ್ತು, ಬಯಾಸಿಗೆ ಅದನ್ನು ಮೊದಲೇ ಹೇಳಿರುತ್ತಾರೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಬೋರ್ಡಿಗೆ ತನ್ನ ಪಕ್ಕ ಯಾರು ಕೂರುತ್ತಾರೆ ಎಂದು ಗೊತ್ತಿಲ್ಲ. ಅದು ಎದ್ದಾಗ ಎಲ್ಲರನ್ನೂ ಹುಡುಕುತ್ತದೆ. ಹುಡುಕಬೇಡ, ನಿನಗೆ ಇರುವುದು ಇಷ್ಟೇ ಎಂದು ನಾವು ಒಮ್ಮೆ ಹೇಳಿಕೊಟ್ಟರೆ ನೆನಪಿಟ್ಟುಕೊಳ್ಳುತ್ತದೆ. ನೆನಪು ಇರುವುದು ಎಲ್ಲಿ? ನಾಣ್ಯದಾಕಾರದ, ಸಿಆರ್ 2032 ಎಂಬ 3 ವೋಲ್ಟಿನ ಸೆಲ್ಲಿನ ಆಸರೆಯಲ್ಲಿ.

ಆ ಬೆಳಗ್ಗೆ ತೆರೆಯ ಮೇಲೆ ನಾನು ಕಂಡದ್ದು ಇದು. ಮೊದಲು ಕಪ್ಪು ತೆರೆಯಲ್ಲಿ ಫ್ಲಾಪಿ ಡ್ರೈವ್ ಸಿಗಲಿಲ್ಲ ಎಂಬ ದೂರು. ಆ ಯಂತ್ರಕ್ಕೆ ಫ್ಲಾಪಿ ಡ್ರೈವನ್ನು ಯಾವತ್ತೂ ಹಾಕಿರಲೇ ಇಲ್ಲ. ಜೊತೆಗೆ ಉಳಿಸಿಟ್ಟ ಲೆಕ್ಕ ತಾಳೆಯಾಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಸೂಚನೆ. ಅಂಗಡಿಯ ಹುಡುಗ ತೆರೆ ನೋಡದೆಯೇ ಎಫ್1 ಒತ್ತಿದ, ದೇವರ ಫೋಟೋಗೆ ಊದುಬತ್ತಿ ಹಚ್ಚುವುದರ ನಡುವೆ. ಅದು ಅವನ ಬೆಳಗಿನ ಪೂಜೆಯಲ್ಲೇ ಸೇರಿಹೋಗಿತ್ತು. ಆಮೇಲೆ ಯಂತ್ರ ನೆಟ್‌ವರ್ಕಿನ ಕಡೆ ತಿರುಗಿ, ನನ್ನನ್ನು ಎಬ್ಬಿಸುವವರು ಯಾರಾದರೂ ಇದ್ದೀರಾ ಎಂದು ಕೂಗತೊಡಗಿತು. ಪಂಚಿಂಗ್ ಯಂತ್ರದ ಕಂಪ್ಯೂಟರಿಗೆ ಒಂದು ಕೇಬಲ್ ಹೋಗಿತ್ತಲ್ಲ, ಅದರ ಮೂಲಕ. ಈ ಕೂಗಿಗೂ ಒಂದು ನಿಯಮವಿದೆ. 4 ಸೆಕೆಂಡು ಕಾಯುವುದು, ಆಮೇಲೆ 8, ಆಮೇಲೆ 16, ಆಮೇಲೆ 32. ಕೂಡಿದರೆ ಸರಿಯಾಗಿ ಒಂದು ನಿಮಿಷ. ಆ ಕಡೆ ಉತ್ತರ ಕೊಡುವವರು ಇರಲಿಲ್ಲ. ಡಿಸೈನು ಕದ್ದಾರು ಎಂದು ಯಜಮಾನರು ಇಂಟರ್ನೆಟ್ಟೇ ಕೊಡಿಸಿರಲಿಲ್ಲ. ವಿಂಡೋಸಿನ ಗುರುತು ಕಾಣುವ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು.

ಹುಡುಗ ರಾತ್ರಿ ಬಾಗಿಲು ಹಾಕುವಾಗ ಗೋಡೆಯ ಮೇನ್ ಸ್ವಿಚ್ಚು ಆರಿಸುತ್ತಿದ್ದ. ವೋಲ್ಟೇಜು ಏರಿಳಿಯುವ ಊರಿನಲ್ಲಿ ಅದು ಬುದ್ಧಿವಂತಿಕೆಯೇ. ಆದರೆ ಗೋಡೆಯಲ್ಲಿ ಕರೆಂಟು ಇರುವವರೆಗೆ, ಆರಿಸಿದ ಯಂತ್ರಕ್ಕೂ ಸಣ್ಣಗೆ ವಿದ್ಯುತ್ತು ಹರಿಯುತ್ತಿರುತ್ತದೆ. ಬೋರ್ಡಿನ ಗಡಿಯಾರ ಅದರಲ್ಲೇ ನಡೆಯುತ್ತದೆ. ಮೇನ್ ಆರಿಸಿದರೆ ಇಡೀ ರಾತ್ರಿ ಸೆಲ್ಲೇ ಗಡಿಯಾರ ನಡೆಸಬೇಕು. ವರ್ಷಗಟ್ಟಲೆ ಹಾಗೆ ದುಡಿದು ಅದು ಬರಿದಾಗಿತ್ತು. ಹೇಳಿಕೊಟ್ಟದ್ದೆಲ್ಲ ಪ್ರತಿ ರಾತ್ರಿ ಮರೆತುಹೋಗುತ್ತಿತ್ತು. ಬೆಳಗ್ಗೆ ಯಂತ್ರ ಕಾರ್ಖಾನೆಯಿಂದ ಹೊರಬಂದ ದಿನದ ಬುದ್ಧಿಯಲ್ಲೇ ಏಳುತ್ತಿತ್ತು. ಫ್ಲಾಪಿ ಇರಬಹುದು, ನೆಟ್‌ವರ್ಕಿನಲ್ಲಿ ಯಾರೋ ಇರಬಹುದು ಎಂದು ಕಾಯುವುದು ಅದಕ್ಕೇ. ಮಧ್ಯಾಹ್ನ ಆರಿಸಿ ಹಚ್ಚಿದರೆ ಗೋಡೆಯ ವಿದ್ಯುತ್ತು ಹರಿಯುತ್ತಿದ್ದುದರಿಂದ ಬೆಳಗ್ಗೆ ಹುಡುಕಿ ಕಂಡುಕೊಂಡದ್ದು ಹಾಗೇ ಉಳಿಯುತ್ತಿತ್ತು, ಎಫ್1ರ ಮೊರೆಯೂ ಇರುತ್ತಿರಲಿಲ್ಲ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ತಾರೀಕು. 1981ರ ಪಿಸಿಯಲ್ಲಿ ಆರಿಸಿದ ಮೇಲೂ ನಡೆಯುವ ಗಡಿಯಾರವೇ ಇರಲಿಲ್ಲ. ಹಚ್ಚಿದಾಗಲೆಲ್ಲ ಡಾಸ್ ಮೊದಲು ಇವತ್ತು ಯಾವ ತಾರೀಕು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಬ್ಯಾಟರಿಯ ಗಡಿಯಾರ ಬಂದ ಮೇಲೆ ಕೇಳುವುದು ನಿಂತಿತು. ಸೆಲ್ಲು ಸತ್ತ ನಮ್ಮ ಯಂತ್ರ ಹೀಗೆ 1984ರ ಹಿಂದಕ್ಕೆ ಜಾರಿತ್ತು, ಆದರೆ ಕೇಳುವ ವಿನಯ ಮಾತ್ರ ಅದಕ್ಕೆ ಇರಲಿಲ್ಲ. ಕೇಳದೆಯೇ 2009ರ ಜನವರಿ 1 ಎಂದು ತೀರ್ಮಾನಿಸಿ ಕೆಲಸ ಶುರು ಮಾಡುತ್ತಿತ್ತು. ಹುಡುಗ ತಾರೀಕು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತಲ್ಲ, ಅವನಿಗೆ ಅದು ಸಾಕು. ಪರಿಣಾಮ ಏನಾಗಿತ್ತೆಂದರೆ ಮೂರು ವರ್ಷಗಳ ಡಿಸೈನುಗಳೆಲ್ಲ ಹುಟ್ಟಿದ್ದು ಒಂದೇ ದಿನ. ಬೇರೆ ಬೇರೆ ವರ್ಷದ ನವಿಲು, ಮಾವುಗಳು 2009ರ ಜನವರಿ 1ರ ಬೆಳಗಿನ ಜಾವ ಎರಡು ಗಂಟೆ ಹತ್ತು ನಿಮಿಷಕ್ಕೆ ಅಕ್ಕಪಕ್ಕ ಕೂತಿದ್ದವು. ಆ ಎರಡು ಗಂಟೆ ಹತ್ತು ನಿಮಿಷ ಎಂಬುದು ಯಂತ್ರ ಎದ್ದು ಎಷ್ಟು ಹೊತ್ತಾಗಿತ್ತು ಎಂಬುದರ ಲೆಕ್ಕ, ಅಷ್ಟೇ. ಶಾಸನದ ಕಲ್ಲಿನಲ್ಲಿ ಶಕವರ್ಷ ಒಡೆದುಹೋದರೆ ಲಿಪಿ ನೋಡಿ ಕಾಲ ಹೇಳಬಹುದು. ಇಲ್ಲಿ ವರ್ಷ ಸ್ಪಷ್ಟವಾಗಿಯೇ ಇತ್ತು, ಅದು ಸುಳ್ಳಾಗಿತ್ತು.

ಹೊಸ ಸೆಲ್ಲಿಗೆ ಒಂದು ಊಟದಷ್ಟೂ ಖರ್ಚಾಗಲಿಲ್ಲ. ಬಯಾಸಿನೊಳಗೆ ಹೋಗಿ ತಾರೀಕು ತಿದ್ದಿ, ಫ್ಲಾಪಿ ಇಲ್ಲ ಎಂದು ಹೇಳಿ, ಹಾರ್ಡ್‌ಡಿಸ್ಕನ್ನು ಸಾಲಿನ ಮೊದಲಿಗೆ ತಂದೆವು. ಎಂಟು ನಿಮಿಷ ಆರಕ್ಕೆ ಇಳಿಯಿತು.

ಉಳಿದ ಆರು ನಿಮಿಷ ಬೇರೆಯದೇ ಕಾಲದ್ದು. ಹಾರ್ಡ್‌ಡಿಸ್ಕಿನ ವಂಶ 1956ರ ಐಬಿಎಂ ರಾಮಾಕ್‌ನಿಂದ ಶುರುವಾಗುತ್ತದೆ. 24 ಅಂಗುಲದ 50 ತಟ್ಟೆಗಳು, 50 ಲಕ್ಷ ಅಕ್ಷರಗಳ ಜಾಗ, ನಿಮಿಷಕ್ಕೆ 1200 ಸುತ್ತು. ನಮ್ಮ ಅಂಗಡಿಯ ಡಿಸ್ಕು ನಿಮಿಷಕ್ಕೆ 7200 ಸುತ್ತು. ಅಂದರೆ ಅರ್ಧ ಶತಮಾನದಲ್ಲಿ ತಿರುಗುವ ವೇಗ ಏರಿದ್ದು ಆರು ಪಟ್ಟು ಮಾತ್ರ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಮುಳ್ಳು ಬೇಕಾದ ಜಾಗಕ್ಕೆ ಸರಿಯಲು ಇನ್ನಷ್ಟು. ಚದುರಿದ ಚೂರುಗಳನ್ನು ಹೆಕ್ಕಬೇಕಾದರೆ ಸೆಕೆಂಡಿಗೆ ನೂರರ ಆಸುಪಾಸು, ಅದಕ್ಕಿಂತ ಹೆಚ್ಚು ಕಷ್ಟ. ವಿಂಡೋಸ್ ಏಳುವಾಗ ಬೇಕಾಗುವ ಚೂರುಗಳು ಸಾವಿರಗಟ್ಟಲೆ. ಪ್ರೊಸೆಸರು ಎಷ್ಟೇ ಚುರುಕಾಗಿರಲಿ, ಅಷ್ಟೂ ಹೊತ್ತು ಮುಳ್ಳಿನ ದಾರಿ ಕಾಯುತ್ತದೆ. ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಲಾಳಿ ಎಷ್ಟು ಜೋರಾಗಿ ಓಡಿದರೇನು, ಕಂಡಿಕೆ ಸುತ್ತುವವರು ಒಬ್ಬರೇ ಆದರೆ ಮಗ್ಗ ನಿಲ್ಲುತ್ತದೆ ಎಂದರು ಬೆಂಚಿನ ಮೇಲಿದ್ದವರೊಬ್ಬರು. ಜೊತೆಗೆ ಪ್ರತಿಯೊಂದು ತಂತ್ರಾಂಶವೂ ತಾನು ಬೆಳಗ್ಗೆಯೇ ಏಳಬೇಕು ಎಂದು ಸಾಲಿನಲ್ಲಿ ಹೆಸರು ಬರೆಸಿರುತ್ತದೆ. ಅಲ್ಲಿ ಎರಡು ಆಂಟಿವೈರಸ್ಸು ಇದ್ದವು, ಒಂದರ ಮೇಲೊಂದು ಕಣ್ಣಿಟ್ಟುಕೊಂಡು. ಅವುಗಳಲ್ಲಿ ಒಂದನ್ನೂ, ಎಂದೋ ಮಾರಿದ ಪ್ರಿಂಟರಿನ ಕಾವಲುಗಾರನನ್ನೂ ತೆಗೆದೆವು. ಡಿಸ್ಕಿನ ಆರೋಗ್ಯದ ಪಟ್ಟಿಯಲ್ಲಿ ಓದಲಾಗದೆ ಬಾಕಿ ಉಳಿದ ಜಾಗಗಳು ಕೆಲವು ಕಂಡವು. ಅಂಥ ಜಾಗ ಸಿಕ್ಕಿದಾಗ ಡಿಸ್ಕು ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ತಡವಾಗುತ್ತದೆ. ಈ ತಡ ಒಂದು ಎಚ್ಚರಿಕೆ. ಫಾರ್ಮ್ಯಾಟ್ ಹೊಡೆದು ಅದೇ ಡಿಸ್ಕಿಗೆ ಮತ್ತೆ ವಿಂಡೋಸ್ ತುಂಬಿದ್ದರೆ ಎಚ್ಚರಿಕೆಯ ಬಾಯಿ ಮುಚ್ಚಿಸಿದಂತಾಗುತ್ತಿತ್ತು. ಯಜಮಾನರು ವಾರ ಬಿಟ್ಟು ಎಸ್‌ಎಸ್‌ಡಿ ತರಿಸಿದರು. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಈಗ ಅದೇ ಬೋರ್ಡು, ಅದೇ ಪ್ರೊಸೆಸರು ಮುಕ್ಕಾಲು ನಿಮಿಷದಲ್ಲಿ ಏಳುತ್ತದೆ.

ಹೊಸ ಯಂತ್ರ ಕಟ್ಟಿಸುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಯಾಸಿನ ಜಾಗಕ್ಕೆ ಈಗ ಯುಇಎಫ್‌ಐ ಬಂದಿದೆ. ಅದನ್ನು ನೋಡಿಕೊಳ್ಳುವ ಕಂಪನಿಗಳ ಕೂಟ 2005ರಲ್ಲಿ ಶುರುವಾಯಿತು. ನೋಡಲು ಎಲ್ಲ ಹೊಸದು, ಆದರೂ ಇಂದಿನ ಡೆಸ್ಕ್‌ಟಾಪಿನ ಇಂಟೆಲ್, ಎಎಂಡಿ ಪ್ರೊಸೆಸರುಗಳು ಕಣ್ಣು ಬಿಡುವ ಕ್ಷಣದಲ್ಲಿ 1978ರ 8086ನ ಹಾಗೆ 16 ಬಿಟ್ಟಿನಲ್ಲೇ ಇರುತ್ತವೆ, ಅಲ್ಲಿಂದ ಮೆಟ್ಟಿಲು ಹತ್ತಿ ಇಂದಿಗೆ ಬರುತ್ತವೆ. 2022ರ ನಂತರದ ಡಿಡಿಆರ್5 ನೆನಪಿನ ಎಷ್ಟೋ ಯಂತ್ರಗಳು ಮೊದಲ ಸಲ ಹಚ್ಚಿದಾಗ ನಿಮಿಷಗಟ್ಟಲೆ ಕಪ್ಪು ತೆರೆ ತೋರಿಸುತ್ತವೆ. ಬೋರ್ಡು ಆ ಹೊತ್ತಿನಲ್ಲಿ ನೆನಪಿನ ಒಂದೊಂದು ತಂತಿಯ ಸಂಕೇತ ಯಾವ ಕ್ಷಣಕ್ಕೆ ತಲುಪುತ್ತದೆ ಎಂದು ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಒಮ್ಮೆ ಹೊಂದಿಸಿಕೊಂಡದ್ದನ್ನು ಉಳಿಸಿಟ್ಟುಕೊಳ್ಳಲು ಬಯಾಸಿನಲ್ಲಿ ಒಂದು ಆಯ್ಕೆ ಇರುತ್ತದೆ. ಅದು ಆರಿದ್ದರೆ ದಿನವೂ ಹೊಸದಾಗಿ ಕೆಚ್ಚುತ್ತದೆ. ಯಂತ್ರ ಸತ್ತಿದೆ ಎಂದುಕೊಂಡು ಆ ನಡುವೆ ಪ್ಲಗ್ಗು ಕೀಳಬಾರದು.

ಡಿಸೈನುಗಳ ತಾರೀಕಿನ ಕೆಲಸ ಮಾತ್ರ ಸೆಲ್ಲಿನಿಂದ ಆಗಲಿಲ್ಲ. ಯಜಮಾನರ ಹತ್ತಿರ ಉದ್ದನೆಯ ಆರ್ಡರ್ ಪುಸ್ತಕಗಳಿದ್ದವು. ಡಿಸೈನ್ ನಂಬರು, ಮಗ್ಗದವರ ಹೆಸರು, ಕಾರ್ಡು ಎಷ್ಟು, ಮುಂಗಡ ಎಷ್ಟು, ಎಲ್ಲ ಬಾಲ್‌ಪೆನ್ನಿನಲ್ಲಿ, ತಾರೀಕಿನ ಸಮೇತ. ಅದನ್ನು ಹಿಡಿದುಕೊಂಡು ನಾಲ್ಕು ಭಾನುವಾರ ಕೂತು ಕಡತಗಳ ಹೆಸರಿನ ಹಿಂದೆ ಸರಿಯಾದ ವರ್ಷ ತಿಂಗಳು ಸೇರಿಸಿದೆವು. ಹುಡುಗ ಓದಿ ಹೇಳುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಮಳೆಗೆ ನೆನೆದು ಹಾಳೆ ಅಂಟಿಕೊಂಡ ಒಂದು ಪುಸ್ತಕ ಬಿಡಿಸಲು ಬರಲಿಲ್ಲ. ಅದರಲ್ಲಿದ್ದ ಹನ್ನೊಂದು ಡಿಸೈನುಗಳು ಇನ್ನೂ 2009ರ ಜನವರಿ 1ರಲ್ಲೇ ಇವೆ. ಅವುಗಳಲ್ಲಿ ಒಂದು, ಕತ್ತು ಹಿಂದಕ್ಕೆ ತಿರುಗಿಸಿದ ಹಂಸದ ಸಾಲು. ಅದನ್ನು ತನ್ನ ಮದುವೆಯ ವರ್ಷ ನೇಯ್ದಿದ್ದೆ ಎಂದು ಬೆಂಚಿನ ಮೇಲೆ ಕಾರ್ಡಿಗೆ ಕಾಯುತ್ತಿದ್ದವರೊಬ್ಬರು ಹೇಳಿದರು. ಯಾವ ವರ್ಷ ಎಂದು ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದು ಎದ್ದು ಹೋಗಿದ್ದಾರೆ.